ಬರಿಗಾಲಲ್ಲಿ ಒಳಾಂಗಣ ಗೋಡೆ ಹತ್ತುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ನಾಲ್ವರು ಭಾನುವಾರ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಒಳಾಂಗಣ ಜಿಮ್‌ನಲ್ಲಿ ಬೋಲ್ಡರಿಂಗ್ (ಹಗ್ಗವಿಲ್ಲದೆ ಗಿಡ್ಡ ಗೋಡೆ ಹತ್ತುವುದು) ಮಾಡುತ್ತೇವೆ. ದೇವರಾಯನದುರ್ಗದ ಬಂಡೆಗಳನ್ನು ಬರಿಗಾಲಲ್ಲೇ ಹತ್ತಿ ರೂಢಿಯಾದ ನನಗೆ ಬಿಗಿ ಶೂ ಹಾಕಿದರೆ ಬೆರಳು ಮರಗಟ್ಟುತ್ತದೆ. ಆದರೆ ಶೂ ಬಿಚ್ಚಿದರೆ ಜೊತೆಯವರು ಗಲೀಜು ಎನ್ನುತ್ತಾರೆ. ಬರಿಗಾಲು ಅಷ್ಟು ಕೊಳಕೆ?
– ವಿದ್ಯಾರ್ಥಿ, ತುಮಕೂರು

ಉತ್ತರ: ಮೊದಲು ಕೌಂಟರಿನಲ್ಲಿ ಕೇಳಿ. ಬರಿಗಾಲಿಗೆ ಅವಕಾಶವಿಲ್ಲ ಎಂದರೆ ಅಲ್ಲಿಗೆ ಮಾತು ಮುಗಿಯಿತು, ವಾದ ಮಾಡಬೇಡಿ. ಅವಕಾಶವಿದೆ ಎಂದರೆ ಉಳಿದ ಜವಾಬ್ದಾರಿ ನಿಮ್ಮದು.

ಬಂಡೆಗೂ ಜಿಮ್ಮಿಗೂ ಇರುವ ವ್ಯತ್ಯಾಸ ಇಷ್ಟು: ದೇವರಾಯನದುರ್ಗದ ಬಂಡೆಗೆ ಬಿಸಿಲು, ಮಳೆ, ಗಾಳಿ ತಾಗುತ್ತದೆ, ಒಂದೇ ಅಂಚನ್ನು ದಿನಕ್ಕೆ ನೂರು ಜನ ಮುಟ್ಟುವುದಿಲ್ಲ. ಜಿಮ್ಮಿನಲ್ಲಿ ನೀವು ಕಾಲಿಟ್ಟ ಹೋಲ್ಡನ್ನೇ (ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಹಿಡಿಕೆ) ಎರಡು ನಿಮಿಷ ಬಿಟ್ಟು ಇನ್ನೊಬ್ಬರು ಕೈಯಲ್ಲಿ ಹಿಡಿಯುತ್ತಾರೆ, ಅದೇ ಕೈಯಲ್ಲಿ ಮುಖದ ಬೆವರು ಒರೆಸಿಕೊಳ್ಳುತ್ತಾರೆ. ಕಾಲು ತಾಗಿದ ವಸ್ತುವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮ ಜನರಿಗೆ ಇದು ಇರಿಸುಮುರಿಸು ಆಗುವುದು ಸಹಜ. ನಿಮ್ಮ ಗೆಳೆಯರ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಹಾಗೆಂದು ಶೂ ಹಾಕಿದವರೆಲ್ಲ ಚೊಕ್ಕ ಎಂದೂ ಅಲ್ಲ. ಕ್ಲೈಂಬಿಂಗ್ ಶೂ ತೊಟ್ಟೇ ಶೌಚಾಲಯಕ್ಕೆ ಹೋಗಿ ಬಂದು ಹೋಲ್ಡ್ ಮೇಲೆ ಕಾಲಿಡುವವರಿಗಿಂತ, ತೊಳೆದು ಒಣಗಿಸಿದ ಪಾದವೇ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ನೋಡಬೇಕಾದದ್ದು ಪಾದ ಬರಿದೋ ಶೂವಿನೊಳಗಿದೆಯೋ ಎಂಬುದನ್ನಲ್ಲ, ಗೋಡೆಗೆ ಬರುವ ಮೊದಲು ಅದು ಎಲ್ಲೆಲ್ಲಿ ಓಡಾಡಿತು ಎಂಬುದನ್ನು.

ಮಾಡಬೇಕಾದದ್ದು ಹೀಗೆ. ರೈಲಿನಿಂದ ಇಳಿದು ಬಂದ ಕಾಲನ್ನು ನಲ್ಲಿಯ ಕೆಳಗೆ ಸೋಪು ಹಚ್ಚಿ ತೊಳೆಯಿರಿ. ಪ್ರತಿ ಬೆರಳ ಸಂದಿಗೂ ಕೈಬೆರಳು ತೂರಿಸಿ ಉಜ್ಜಿ. ನಿಮ್ಮದೇ ಟವೆಲ್‌ನಿಂದ ಸಂದಿಗಳನ್ನು ಒಂದೊಂದಾಗಿ ಒರೆಸಿ, ಐದು ನಿಮಿಷ ಗಾಳಿಗೆ ಬಿಡಿ. ಬಹಳ ಜನ ತೊಳೆಯುತ್ತಾರೆ, ಒಣಗಿಸುವುದಿಲ್ಲ. ಒದ್ದೆ ಚರ್ಮ ಮೆತ್ತಗಾಗಿ ಬೇಗ ಕಿತ್ತು ಬರುತ್ತದೆ, ಸೋಂಕೂ ಸುಲಭವಾಗಿ ಹತ್ತುತ್ತದೆ. ಮೇಲಾಗಿ ಒದ್ದೆ ಕಾಲಿಗೆ, ಕೈ ಜಾರದಿರಲು ಹತ್ತುವವರು ಬಳಸುವ ಚಾಕ್ ಪುಡಿ ಮೆತ್ತಿಕೊಂಡು ಹೋಲ್ಡ್ ಮೇಲೆ ಪದರ ಕಟ್ಟುತ್ತದೆ. ಆಮೇಲೆ ಹವಾಯಿ ಚಪ್ಪಲಿ ಮೆಟ್ಟಿಯೇ ಗೋಡೆಯ ಬುಡದಲ್ಲಿ ಹಾಸಿದ ಮೆತ್ತನೆ ಮ್ಯಾಟಿನ ಅಂಚಿನವರೆಗೆ ಬನ್ನಿ, ಅಲ್ಲಿ ಬಿಟ್ಟು ಮ್ಯಾಟ್ ಏರಿ. ನೀರು ಕುಡಿಯಲು, ಫೋನಿನಲ್ಲಿ ಮಾತಾಡಲು ಕೆಳಗಿಳಿದರೆ ಮತ್ತೆ ಚಪ್ಪಲಿ. ಶೌಚಾಲಯಕ್ಕೆ ಹೋದರೆ ಚಪ್ಪಲಿ ಇದ್ದರೂ ಕಾಲನ್ನು ಮತ್ತೆ ತೊಳೆಯಲೇಬೇಕು.

ಕಾಲಿಗೆ ಸ್ಯಾನಿಟೈಸರ್ ಸವರಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು. ಅಂಗಾಲಿನ ನರಹುಲಿ ಬರುವುದು ಎಚ್‌ಪಿವಿ ಎಂಬ ವೈರಸ್ಸಿನಿಂದ. ಅದಕ್ಕೆ ಕೊಬ್ಬಿನ ಹೊರಪೊರೆ ಇಲ್ಲದ ಕಾರಣ ಆಲ್ಕೋಹಾಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಉಜ್ಜಿ ತೊಳೆದು ಕಳೆಯುವುದೇ ಸರಿ.

ಶೂ ಬಿಗಿ ಎಂಬ ಕಾರಣಕ್ಕೆ ಮಾತ್ರ ಬರಿಗಾಲು ಎಂದಾದರೆ, ಅರ್ಧ ಅಥವಾ ಒಂದು ಸೈಜ್ ದೊಡ್ಡ, ಚಪ್ಪಟೆ ಅಟ್ಟೆಯ ಶೂ ಒಮ್ಮೆ ಹಾಕಿ ನೋಡಿ. ಹೊಸಬರಿಗೆ ಬೆರಳು ಮಡಚಿ ತುರುಕುವ ಶೂ ಬೇಕಿಲ್ಲ. ಬಾಡಿಗೆ ಶೂ ಆದರೆ ತೆಳು ಕಾಲುಚೀಲ ಹಾಕಿಕೊಳ್ಳಿ.

ಪ್ರಶ್ನೆ: ಕಿರುಬೆರಳ ಸಂದಿಯಲ್ಲಿ ಚರ್ಮ ಬಿಳುಚಿ ಸುಲಿಯುತ್ತಿದೆ, ತುರಿಕೆಯೂ ಇದೆ. ಅಂಗಾಲಿನಲ್ಲಿ ಒಂದು ಗಂಟೂ ಎದ್ದಿದೆ. ಬರಿಗಾಲಲ್ಲಿ ಹತ್ತಬಹುದೆ?
– ಓದುಗರು, ಕೋಲಾರ

ಉತ್ತರ: ಬೇಡ. ಎರಡೂ ವಾಸಿಯಾಗುವವರೆಗೆ ಬರಿಗಾಲಲ್ಲಿ ಮ್ಯಾಟಿನ ಮೇಲೂ ಕಾಲಿಡಬೇಡಿ. ಕಾಲುಚೀಲದ ಮೇಲೆ ನಿಮ್ಮ ಸ್ವಂತ ಶೂ ಹಾಕಿ ಹತ್ತಿ.

ಸಂದಿಯದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ಗದ್ದೆ ಕೆಲಸದವರು ಕೆಸರುಹುಣ್ಣು ಎನ್ನುವುದೂ ಇದೇ ಜಾಗದಲ್ಲಿ ಆಗುತ್ತದೆ. ಕ್ಲೋಟ್ರಿಮಜೋಲ್ ಕ್ರೀಮನ್ನು ದಿನಕ್ಕೆ ಎರಡು ಸಲ, ಒಣಗಿದ ಚರ್ಮಕ್ಕೆ, ಎರಡರಿಂದ ನಾಲ್ಕು ವಾರ ಹಚ್ಚಬೇಕು. ಐದನೇ ದಿನಕ್ಕೆ ತುರಿಕೆ ನಿಂತಿತೆಂದು ಬಿಟ್ಟರೆ ಮರಳಿ ಬರಬಹುದು. ಮೆಡಿಕಲ್ ಶಾಪಿನಲ್ಲಿ ‘ಬೇಗ ಗುಣವಾಗುತ್ತೆ’ ಎಂದು ಕೊಡುವ ಮಿಶ್ರ ಕ್ರೀಮುಗಳ ಬಗ್ಗೆ ದಯವಿಟ್ಟು ಎಚ್ಚರ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್ ಎಂದಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇದೆ. ಕೆಂಪು, ತುರಿಕೆ ಎರಡೇ ದಿನದಲ್ಲಿ ಇಳಿಯುತ್ತವೆ, ಆದರೆ ಶಿಲೀಂಧ್ರ ಒಳಗೊಳಗೇ ಹರಡಿ ಮುಂದೆ ಗುರುತಿಸುವುದೂ ಕಷ್ಟವಾಗುತ್ತದೆ. ವೈದ್ಯರು ಬರೆದುಕೊಡದೆ ಅದನ್ನು ಹಚ್ಚಬೇಡಿ.

ಗಂಟು ಆಣಿಯೋ ನರಹುಲಿಯೋ ನೋಡಿಕೊಳ್ಳಿ. ನೇರ ಒತ್ತಿದರೆ ಹೆಚ್ಚು ನೋವಾದರೆ ಸಾಮಾನ್ಯವಾಗಿ ಆಣಿ. ಎರಡು ಬದಿಯಿಂದ ಚಿವುಟಿದಾಗ ನೋವಾಗಿ, ಮೇಲೆ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ನರಹುಲಿ ಇರಬಹುದು. ಆಣಿ ಅಂಟುವುದಿಲ್ಲ, ನರಹುಲಿ ಅಂಟುತ್ತದೆ. ಮೇಲೆ ಪ್ಲಾಸ್ಟರ್ ಹಾಕಿ ಹತ್ತುತ್ತೇನೆ ಎಂದರೆ ಆಗದು, ಒರಟು ಹೋಲ್ಡಿಗೆ ಉಜ್ಜಿ ಹತ್ತು ನಿಮಿಷಕ್ಕೆ ಕಿತ್ತು ಬರುತ್ತದೆ. ಬ್ಲೇಡಿನಿಂದ ಕೆತ್ತಲು ಹೋಗಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಗಂಟು ಇರಲಿ ಬಿಡಲಿ ಬರಿಗಾಲಿನ ಆಸೆಯನ್ನೇ ಬಿಡಿ: ಪಾದದ ಸ್ಪರ್ಶ ಮಂದವಾಗಿ ಗಾಯ ಗೊತ್ತೇ ಆಗದೆ ಹೋಗಬಹುದು.

ಪ್ರಶ್ನೆ: ಅಂತರಗಂಗೆಯ ಬಂಡೆಗಳಲ್ಲಿ ಓಡಾಡಿ ಪಾದ ಗಟ್ಟಿಯಾಗಿದೆ. ಆದರೂ ಜಿಮ್ಮಿನಲ್ಲಿ ಅರ್ಧ ಗಂಟೆಗೇ ಹೆಬ್ಬೆರಳು ಸುಲಿಯುತ್ತದೆ. ಏಕೆ?
– ಓದುಗರು, ಕೋಲಾರ

ಉತ್ತರ: ಬಂಡೆಯ ಇಳಿಜಾರಿನಲ್ಲಿ ಇಡೀ ಅಂಗಾಲು ಭಾರ ಹೊರುತ್ತದೆ. ಒಳಾಂಗಣದಲ್ಲಿ ನಿಲ್ಲುವುದು ಬೆರಳ ತುದಿಯಷ್ಟು ಜಾಗದಲ್ಲಿ, ಹೆಬ್ಬೆರಳ ಒಳಅಂಚಿನ ಮೇಲೆ. ಸಾಲದ್ದಕ್ಕೆ ಗೋಡೆಗೆ ಜೋಡಿಸಿದ ದೊಡ್ಡ ಪೆಟ್ಟಿಗೆಯಾಕಾರದ ವಾಲ್ಯೂಮ್‌ಗಳ ಮೇಲೆ ಮರಳು ಬೆರೆಸಿದ ಬಣ್ಣ ಇರುತ್ತದೆ, ಅದು ಉಪ್ಪುಕಾಗದದ ಹಾಗೆಯೇ ಉಜ್ಜುತ್ತದೆ. ಕಾಲಿಟ್ಟ ಮೇಲೆ ತಿರುಗಿಸಬೇಡಿ. ನೋಡಿ ಒಮ್ಮೆ ಇಡಿ, ಇಟ್ಟಲ್ಲೇ ನಿಲ್ಲಿ. ಜಡ್ಡಿನ ಏರಿದ ಅಂಚನ್ನು ಸ್ನಾನದ ನಂತರ ಉಜ್ಜುಗಲ್ಲಿನಿಂದ ಸಮ ಮಾಡಿ, ಇಲ್ಲದಿದ್ದರೆ ಹೋಲ್ಡಿಗೆ ಸಿಕ್ಕಿ ತುಂಡಾಗಿ ಏಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವುದಾದರೆ ಹತ್ತಿ ಬಂದ ರಾತ್ರಿ ಹಚ್ಚಿ. ಹತ್ತುವ ಬೆಳಿಗ್ಗೆ ಹಚ್ಚಿದರೆ ಆ ಜಿಡ್ಡು ಹೋಲ್ಡಿಗೆ ಇಳಿದು, ನಿಮ್ಮ ಹಿಂದೆ ಬರುವವರು ಜಾರುತ್ತಾರೆ. ರಕ್ತ ಒಸರಿದ ತಕ್ಷಣ ಇಳಿದು ಸಿಬ್ಬಂದಿಗೆ ಯಾವ ಹೋಲ್ಡ್ ಎಂದು ತೋರಿಸಿ. ಅಂದಿನ ಮಟ್ಟಿಗೆ ಬರಿಗಾಲು ಮುಗಿಯಿತು.

ಪ್ರಶ್ನೆ: ಕಾಲುಂಗುರ ತೆಗೆಯಲೇಬೇಕೆ? ಗೆಜ್ಜೆ?
– ಗೃಹಿಣಿ, ಚಿಂತಾಮಣಿ

ಉತ್ತರ: ಬರಿಗಾಲಾದರೆ ಎರಡನ್ನೂ ತೆಗೆಯಬೇಕು ಅಕ್ಕ. ಹೋಲ್ಡಿನ ನಡುವೆ ಬೋಲ್ಟ್ ಕೂರುವ ಗುಂಡಿ ಇರುತ್ತದೆ, ಗೋಡೆಯಲ್ಲಿ ಖಾಲಿ ತೂತುಗಳಿರುತ್ತವೆ, ಅಲ್ಲಲ್ಲಿ ಸ್ಕ್ರೂ ತಲೆಗಳಿರುತ್ತವೆ. ಉಂಗುರ ಅಂಥ ಕಡೆ ಸಿಕ್ಕಿಕೊಂಡ ಕ್ಷಣದಲ್ಲಿ ಕಾಲು ಜಾರಿದರೆ ಇಡೀ ಮೈಭಾರ ಒಂದು ಬೆರಳ ಚರ್ಮದ ಮೇಲೆ ಬೀಳುತ್ತದೆ. ಕೈಯುಂಗುರಕ್ಕೂ ಇದೇ ಮಾತು. ಮೇಲೆ ಟೇಪ್ ಸುತ್ತಿದರೆ ತರಚುವುದು ತಪ್ಪಬಹುದು, ಬೆರಳು ಸಿಕ್ಕಿಕೊಳ್ಳುವುದು ತಪ್ಪುವುದಿಲ್ಲ. ಕಾಲುಂಗುರ ತೆಗೆಯಲು ಮನಸ್ಸು ಒಪ್ಪದಿದ್ದರೆ ಬೆರಳ ಜಾಗ ಅಗಲವಿರುವ ಶೂ ಹಾಕಿ ಹತ್ತಿ, ಆಗ ಹೋಲ್ಡಿಗೆ ಉಂಗುರ ತಾಗುವುದೇ ಇಲ್ಲ. ಉಗುರನ್ನು ಹಿಂದಿನ ದಿನವೇ ನೇರವಾಗಿ ಕತ್ತರಿಸಿ, ಮೂಲೆ ಒಳಕ್ಕೆ ಕೊರೆಯಬೇಡಿ. ಹಬ್ಬದ ಅರಿಶಿನ ಕಾಲಿನಲ್ಲಿದ್ದರೆ ಚೆನ್ನಾಗಿ ತೊಳೆದು ಬನ್ನಿ, ತಿಳಿ ಬಣ್ಣದ ಹೋಲ್ಡಿಗೆ ಹತ್ತಿದ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಕೊಠಡಿಯಲ್ಲಿ ಎಂಟು ಅಡಿ ಎತ್ತರದ ಪ್ಲೈವುಡ್ ಗೋಡೆ ಕಟ್ಟಿಸಿದ್ದೇವೆ. ಎಲ್ಲ ಮಕ್ಕಳಿಗೂ ಶೂ ಕೊಳ್ಳುವ ಶಕ್ತಿ ಇಲ್ಲ, ಬರಿಗಾಲೇ ಗತಿ. ಸ್ವಚ್ಛತೆ ಹೇಗೆ?
– ಶಿಕ್ಷಕರು, ಗೌರಿಬಿದನೂರು

ಉತ್ತರ: ಬರಿಗಾಲಲ್ಲೇ ಹತ್ತಿಸಿ ಮೇಷ್ಟ್ರೇ, ಅದರಲ್ಲಿ ಕೊರತೆ ಎನ್ನುವಂಥದ್ದಿಲ್ಲ. ಒಂದು ತಪ್ಪು ಮಾತ್ರ ಆಗಬಾರದು: ಬಾಗಿಲಲ್ಲಿ ಒಂದು ಟಬ್ ನೀರಿಟ್ಟು ಎಲ್ಲರೂ ಅದರಲ್ಲೇ ಕಾಲು ಅದ್ದಿ ಬರುವುದು. ಒಬ್ಬನ ಕಾಲಿನದು ನಲವತ್ತು ಮಕ್ಕಳಿಗೆ ಹಂಚಿಕೆಯಾಗುತ್ತದೆ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಹುಯ್ದು ತೊಳೆಸಿ. ಒರೆಸಲು ಎಲ್ಲರಿಗೂ ಒಂದೇ ಬಟ್ಟೆ ಬೇಡ. ಮನೆಯಿಂದ ತುಂಡು ಟವೆಲ್ ತರಲು ಹೇಳಿ. ತೊಳೆಯುವ ಜಾಗದಿಂದ ಗೋಡೆಯವರೆಗೆ ಚಪ್ಪಲಿ ಇರಲಿ.

ಮ್ಯಾಟಿನ ರೆಕ್ಸಿನ್ ಹೊದಿಕೆಯನ್ನು ದಿನದ ಕೊನೆಗೆ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಹೊಲಿಗೆಯೊಳಗೆ ನೀರು ಇಳಿಯದಿರಲಿ, ಒಳಗಿನ ಫೋಮ್ ಒಣಗುವುದಿಲ್ಲ, ಮುಗ್ಗಲು ಹಿಡಿಯುತ್ತದೆ.

ಎರಡು ಮೂರು ತಿಂಗಳಿಗೊಮ್ಮೆ ಅಲೆನ್ ಕೀಯಿಂದ ಹೋಲ್ಡುಗಳನ್ನು ಬಿಚ್ಚಿ, ಸೋಪಿನ ಪುಡಿ ಕಲಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ನೈಲಾನ್ ಬ್ರಷ್‌ನಿಂದ ಉಜ್ಜಿ. ತಂತಿ ಬ್ರಷ್ ಬೇಡ, ಮೇಲ್ಮೈಯ ಒರಟುತನ ಹೋಗಿ ನುಣುಪಾಗುತ್ತದೆ. ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪಿನ ಗಸಿ ಹೋಲ್ಡಿನ ಮೇಲೇ ಉಳಿದು ಜಾರುತ್ತದೆ. ಎರಡು ಸಲ ಬರೀ ನೀರಿನಲ್ಲಿ ಜಾಲಿಸಿ, ನೆರಳಲ್ಲಿ ಪೂರ್ತಿ ಒಣಗಿಸಿಯೇ ಬಿಗಿಯಿರಿ. ತೇವ ಉಳಿದರೆ ಬೋಲ್ಟ್ ತುಕ್ಕು ಹಿಡಿದು ಮುಂದಿನ ಸಲ ಬಿಚ್ಚಲು ಬರುವುದಿಲ್ಲ.

ರಕ್ತ ತಾಗಿದ ಹೋಲ್ಡನ್ನು ಆಗಲೇ ಬಿಚ್ಚಬೇಕು. ಕೈಗವಸು ಹಾಕಿ ಮೊದಲು ಒರೆಸಿ, ಆಮೇಲೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಹೋಲ್ಡಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಈ ದ್ರಾವಣವನ್ನು ವಿನೆಗರ್ ಜೊತೆಗಾಗಲಿ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆಗಾಗಲಿ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ತೆರೆದಿರಲಿ, ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ.

ಬರಿಗಾಲಿನ ಗೋಡೆ ಎಂದಮೇಲೆ ವಾರಕ್ಕೊಮ್ಮೆ ಅಂಗೈ ಸವರಿ ಪರೀಕ್ಷಿಸಿ: ಪ್ಲೈವುಡ್ಡಿನ ಸಿಬಿರು, ಎದ್ದ ಸ್ಕ್ರೂ, ಒಡೆದ ಹೋಲ್ಡಿನ ಚೂಪು ಅಂಚು. ಮಕ್ಕಳ ಬೆರಳು ಹೋಗುವಷ್ಟು ದೊಡ್ಡ ಖಾಲಿ ತೂತು ಕಾಲಿಡುವ ಎತ್ತರದಲ್ಲಿದ್ದರೆ ಮುಚ್ಚಿಸಿ. ತಿರುಗುವ ಹೋಲ್ಡ್ ಕಂಡರೆ ಅದನ್ನು ಬಿಗಿಯುವವರೆಗೆ ಯಾರನ್ನೂ ಹತ್ತಿಸಬೇಡಿ.

ಪ್ರಶ್ನೆ: ಜಿಮ್ಮಿನಲ್ಲಿ ಒಬ್ಬರು ಬರಿಗಾಲಲ್ಲೇ ಶೌಚಾಲಯಕ್ಕೆ ಹೋಗಿ ಬಂದು ಗೋಡೆ ಹತ್ತಿದರು. ಹೇಳುವುದು ಹೇಗೆ?
– ಓದುಗರು, ಮಧುಗಿರಿ

ಉತ್ತರ: ಅವರು ಗೋಡೆಯಿಂದ ಇಳಿದ ಮೇಲೆ, ಹತ್ತಿರ ಹೋಗಿ, ನಾಲ್ಕು ಜನರ ಮುಂದೆ ಅಲ್ಲದೆ ಹೇಳಿ: “ಸರ್, ಕಾಲು ತೊಳೆಯೋ ನಲ್ಲಿ ಆ ಕಡೆ ಇದೆ, ಒಂದ್ಸಲ ತೊಳ್ಕೊಂಡು ಬನ್ನಿ.” ಬಹುತೇಕರಿಗೆ ಹೊಳೆದೇ ಇರುವುದಿಲ್ಲ, ತೊಳೆದು ಬರುತ್ತಾರೆ. ಒಪ್ಪದಿದ್ದರೆ ಸಿಬ್ಬಂದಿಗೆ ತಿಳಿಸಿ. ಅವರು ಕಾಲಿಟ್ಟ ಹೋಲ್ಡುಗಳನ್ನು ಒರೆಸುವುದು ಸಿಬ್ಬಂದಿಯ ಕೆಲಸ, ಯಾವ ಬಣ್ಣದ ರೂಟ್ (ಒಂದೇ ಬಣ್ಣದ ಹೋಲ್ಡುಗಳ ದಾರಿ) ಎಂದು ನೀವು ಹೇಳಿದರೆ ಸಾಕು.