ಸೋಫಾ ಯಾಕೆ ಖಾಲಿ?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಗೆ ಹೊಸ ಸೋಫಾ ಬಂತು. ಗೇಟಿನ ರಿಜಿಸ್ಟರ್ ತುಂಬುತ್ತೆ, ಸೋಫಾ ಮಾತ್ರ ಖಾಲಿ. ಯಾಕೆ ಮೇಡಂ?
– ಸಹಾಯಕ ಗ್ರಂಥಪಾಲಕಿ

ಉತ್ತರ: ಎಷ್ಟು ಜನ ಬಂದರು ಅನ್ನೋದನ್ನು ರಿಜಿಸ್ಟರ್ ಹೇಳುತ್ತದೆ, ಎಲ್ಲಿ ಕೂತರು ಅಂತ ಹೇಳಲ್ಲ. ಓದುವ ಹಾಲ್‌ನ ನಕ್ಷೆ ಹಿಡಿದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಸುತ್ತು ಹಾಕಿ. ಕೂತವರ ಜಾಗಕ್ಕೆ ಚುಕ್ಕೆ ಇಡಿ. ನಾನು ಹೀಗೆ ಮಾಡಿದಾಗ ಚುಕ್ಕೆಗಳೆಲ್ಲ ಪ್ಲಗ್ ಪಾಯಿಂಟ್ ಇದ್ದ ಗೋಡೆಗೇ ಅಂಟಿಕೊಂಡಿದ್ದವು!

ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಜ್ಞೆ ನ್ಯಾನ್ಸಿ ಫ್ರೈಡ್ ಫಾಸ್ಟರ್ ಇನ್ನೂ ಮುಂದೆ ಹೋದರು. ವಿದ್ಯಾರ್ಥಿಗಳ ಕೈಗೇ ಕ್ಯಾಮೆರಾ ಕೊಟ್ಟರು, ಅವರು ದಿನವಿಡೀ ಓಡಾಡಿದ ಜಾಗಗಳ ನಕ್ಷೆ ಬರೆಸಿದರು, ತಮಗೆ ಬೇಕಾದ ಲೈಬ್ರರಿಯನ್ನೂ ಅವರಿಂದಲೇ ಬಿಡಿಸಿದರು.

ನಿಮ್ಮಲ್ಲಿ ಕೆಎಎಸ್, ನೆಟ್ ಪರೀಕ್ಷೆಗೆ ಓದುವವರೇ ಜಾಸ್ತಿ ಅಲ್ವಾ? ಸೋಫಾದಲ್ಲಿ ನೋಟ್ಸ್ ಬರೆಯೋಕಾಗಲ್ಲ. ಮೇಜು, ನೆಟ್ಟಗಿನ ಕುರ್ಚಿ, ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿಸಿ. ಸ್ವಂತ ಪುಸ್ತಕ ಒಳಗೆ ತರೋಕೆ ಬಿಡಿ.