ಮಳೆ ನಿಂತ ಮೇಲೂ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನೀರು ಏರುವುದೇಕೆ?

ಬೆಳ್ಳಂದೂರಿನ ಆಸುಪಾಸಿನಲ್ಲಿ ಆ ರಸ್ತೆ ನೀರಿನ ದಾರಿಗೆ ಅಡ್ಡಲಾಗಿ ಬಿದ್ದಿದೆ. ಮುಖ್ಯ ಕಾರಣ ಅದೇ. ಇಲ್ಲಿನ ಕೆರೆಗಳು ಸರಪಳಿಯಂತಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ, ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ.

ರಸ್ತೆಗಾಗಿ ಮಣ್ಣು ಏರಿಸಿದಾಗ ಈ ಹರಿವಿಗೆ ಉಳಿದದ್ದು ಕೆಲವು ಮೋರಿಗಳು ಮಾತ್ರ. ಹೂಳು, ಪ್ಲಾಸ್ಟಿಕ್, ಹಳೆಯ ಹಾಸಿಗೆಯೊಂದು ಬಾಯಿಗೆ ಸಿಕ್ಕಿಕೊಂಡರೆ ಅದೂ ಅರ್ಧವಾಯಿತು. ಆಗ ರಸ್ತೆಯೇ ಕೋಡಿಯಿಲ್ಲದ ಕೆರೆಯ ಏರಿಯಂತೆ, ಅಂದರೆ ಒಡ್ಡಿನಂತೆ, ನೀರನ್ನು ತಡೆಯುತ್ತದೆ. ಕೆರೆ ನೀರು ನೋಡಿಕೊಳ್ಳುತ್ತಿದ್ದ ಹಳೆಯ ಕಾಲದ ನೀರುಗಂಟಿ ಇಂಥ ಏರಿಯನ್ನು ಕಟ್ಟಲು ಒಪ್ಪುತ್ತಿರಲಿಲ್ಲ.

ಕೆರೆಗಳಿದ್ದರೆ ಪ್ರವಾಹ ತಗ್ಗಬೇಕಲ್ಲವೇ? ತಗ್ಗುತ್ತದೆ, ಕೆರೆಯಲ್ಲಿ ಜಾಗ ಖಾಲಿಯಿದ್ದರೆ. 2022ರ ಆಗಸ್ಟ್ ಕೊನೆಯ ಮಳೆಗೇ ಹಲವು ಕೆರೆಗಳು ತುಂಬಿದ್ದವು. ಸೆಪ್ಟೆಂಬರ್ 4ರ ರಾತ್ರಿ ಸುಮಾರು 130 ಮಿ.ಮೀ. ಸುರಿಯಿತು. ಅಷ್ಟು ಮಳೆಯೆಂದರೆ ಒಂದು ಚದರ ಕಿಲೋಮೀಟರಿಗೆ 13 ಕೋಟಿ ಲೀಟರ್. ಕಾಂಕ್ರೀಟಿನ ಮೇಲೆ ಇಂಗುವುದು ಅತ್ಯಲ್ಪ. ಮಳೆ ನಿಂತರೂ ಮೇಲಿನ ಕೋಡಿಗಳು ಗಂಟೆಗಟ್ಟಲೆ ಹರಿಯುತ್ತವೆ, ಹಾಗಾಗಿಯೇ ಮರುದಿನ ಬೆಳಿಗ್ಗೆ ಬಿಸಿಲಿನಲ್ಲೂ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋಗಬೇಕಾಯಿತು.