ಪಿಬಿಎ ಟೂರ್ ನೋಡೋಕೆ ಹೋದರೆ ಬೌಲರ್‌ಗಳನ್ನು ಮಾತಾಡಿಸೋಕೆ ಆಗುತ್ತಾ?

ಅಮೆರಿಕದಲ್ಲಿರುವ ಅಣ್ಣನ ಮನೆಗೆ ಹೋದಾಗ ಒಂದು ಪಿಬಿಎ (ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಬೌಲಿಂಗ್‌ನ ಅಮೆರಿಕದ ವೃತ್ತಿಪರ ಸಂಘ) ಟೂರ್ನಿ ನೋಡಬೇಕು, ಜೇಸನ್ ಬೆಲ್ಮಾಂಟೆ, ಇಜೆ ಟ್ಯಾಕೆಟ್ ಅಂಥ ಸ್ಟಾರ್ ಆಟಗಾರರು ಮಾತಿಗೆ ಸಿಗ್ತಾರಾ, ಇಲ್ಲ ಕ್ರಿಕೆಟ್ ಥರ ಬೇಲಿ ಆಚೆಯಿಂದ ಕೈ ಬೀಸಿ ಬರಬೇಕಾ ಅಂತ ಕೇಳಿದ್ದೀರಿ.

ಸಿಗ್ತಾರೆ. ಆರಾಮಾಗಿ ಸಿಗ್ತಾರೆ. ಆದರೆ ಟಿವಿ ಫೈನಲ್ ದಿನಕ್ಕೆ ಮಾತ್ರ ಟಿಕೆಟ್ ತಗೊಂಡು ಹೋಗಬೇಡಿ. ಅವತ್ತು ಲೈಟು, ಕ್ಯಾಮೆರಾ, ಗ್ಯಾಲರಿ, ಗಲಾಟೆ. ಆಡುವವರು ಬೆರಳೆಣಿಕೆಯಷ್ಟು ಜನ, ಅವರೂ ಟೆನ್ಷನ್‌ನಲ್ಲಿ ಇರುತ್ತಾರೆ. ಕ್ವಾಲಿಫೈಯಿಂಗ್, ಅಂದ್ರೆ ಮುಂದಿನ ಸುತ್ತಿಗೆ ಯಾರು ಹೋಗಬೇಕು ಅಂತ ತೀರ್ಮಾನ ಆಗುವ ಗೇಮ್‌ಗಳು ನಡೆಯುವ ದಿನಗಳಲ್ಲಿ ಹೋಗಿ. ಟೂರ್‌ನ ಆಟಗಾರರೆಲ್ಲ ಒಂದೇ ಸೂರಿನಡಿ ಇರುತ್ತಾರೆ, ನೋಡೋಕೆ ಬಂದ ಜನವೂ ಕಡಿಮೆ.

ನಾನು ಡೆಟ್ರಾಯಿಟ್ ಕಡೆ ಇರುವವನು. ಇಲ್ಲಿ ಅಲೆನ್ ಪಾರ್ಕ್‌ನಲ್ಲಿ ಥಂಡರ್‌ಬೌಲ್ ಲೇನ್ಸ್ ಅಂತ ಇದೆ, 90 ಲೇನ್‌ಗಳ (ಚೆಂಡು ಉರುಳಿಸುವ ಉದ್ದನೆಯ ಪಟ್ಟಿಗಳ) ದೊಡ್ಡ ಸೆಂಟರ್. 2009ರಲ್ಲಿ ಮೊದಲ ವರ್ಲ್ಡ್ ಸೀರೀಸ್ ಆಫ್ ಬೌಲಿಂಗ್ ನಡೆದಿದ್ದು ಇಲ್ಲೇ, 2024ರಲ್ಲೂ ಇಲ್ಲಿಗೇ ಬಂತು. ಹಾಗಂತ ಸ್ಟೇಡಿಯಂ ಅಂದುಕೊಳ್ಳಬೇಡಿ. ವಾರದ ದಿನಗಳಲ್ಲಿ ನಮ್ಮಂಥವರು ಲೀಗ್ ಆಡುವ ಥರದ ಜಾಗ ಅದು. ಅದೇ ಪಾರ್ಕಿಂಗ್, ಅದೇ ಟಾಯ್ಲೆಟ್, ಅದೇ ಫ್ರೆಂಚ್ ಫ್ರೈಸ್ ಕೌಂಟರ್. ಕಾಫಿಗೆ ಕ್ಯೂನಲ್ಲಿ ನಿಂತರೆ ಮುಂದೆ ನಿಂತವರು ಮೇಜರ್ (ಟೂರ್‌ನ ಅತಿ ದೊಡ್ಡ ಟೂರ್ನಿ) ಗೆದ್ದ ಆಟಗಾರ ಆಗಿರಬಹುದು, ಇದನ್ನು ಸುಮ್ನೆ ಹೇಳ್ತಿಲ್ಲ.

ಇನ್ನೊಂದು ವಿಷಯ. ಇವರು ಒಂದೇ ಲೇನ್‌ನಲ್ಲಿ ಕೂತು ಆಡುವುದಿಲ್ಲ. ಒಂದು ಗೇಮ್ ಮುಗಿದ ತಕ್ಷಣ ಚೆಂಡು, ಟವೆಲ್, ನೀರಿನ ಬಾಟಲಿ ಎಲ್ಲ ಎತ್ತಿಕೊಂಡು ಬೇರೆ ಜೋಡಿ ಲೇನ್‌ಗೆ ಹೋಗುತ್ತಾರೆ. ನಿಮಗೆ ಬೇಕಾದ ಆಟಗಾರನ ಹಿಂದೆಯೇ ನೀವೂ ನಡೆದುಕೊಂಡು ಹೋಗಬಹುದು. ಆಟಗಾರನಿಗೂ ನಿಮಗೂ ನಡುವೆ ಇರುವುದು ಕುರ್ಚಿ ಸಾಲು, ಹೆಚ್ಚೆಂದರೆ ಒಂದು ಗಿಡ್ಡ ಅಡ್ಡಗೋಡೆ. ಚೆಂಡು ಬಿಟ್ಟ ಮೇಲೆ ಅವರು ಬೈದುಕೊಳ್ಳುವುದೂ ಕೇಳಿಸುತ್ತದೆ.

ಯಾವಾಗ ಮಾತಾಡಿಸಬೇಕು ಅನ್ನೋದೇ ಮುಖ್ಯ. ಗೇಮ್ ನಡೆಯುವಾಗ ಬೇಡವೇ ಬೇಡ, ಅವರು ಸುಮ್ನೆ ಕೂತಂತೆ ಕಂಡರೂ ಪಕ್ಕದವರ ಚೆಂಡು ಎಲ್ಲಿ ತಿರುಗುತ್ತಿದೆ ಅಂತ ನೋಡುತ್ತಿರುತ್ತಾರೆ. ಆ ಹೊತ್ತಿನ ಗೇಮ್‌ಗಳೆಲ್ಲ ಮುಗಿದು ಚೆಂಡು ಒರೆಸಿ ಬ್ಯಾಗಿಗೆ ತುಂಬುವಾಗ ಹೋಗಿ. ಹೋಗುವ ಮುಂಚೆ ಸ್ಕೋರ್ ಒಂದು ಸಲ ನೋಡಿಕೊಳ್ಳಿ. ಮುಂದಿನ ಸುತ್ತು ಸ್ವಲ್ಪದರಲ್ಲಿ ಕೈತಪ್ಪಿದವರನ್ನು ಅವತ್ತಿಗೆ ಬಿಟ್ಟುಬಿಡಿ. ಪಾಪ, ಎಷ್ಟೋ ಜನ ಎಂಟ್ರಿ ಫೀ, ಹೋಟೆಲ್, ಪೆಟ್ರೋಲ್ ಎಲ್ಲ ಸ್ವಂತ ಜೇಬಿನಿಂದ ಹಾಕಿಕೊಂಡು ಬಂದಿರುತ್ತಾರೆ.

ಈಗ ಏನು ಕೇಳಬೇಕು ಅನ್ನೋದು. ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ, ಆದರೆ ಅದು ಹತ್ತು ಸೆಕೆಂಡಿನ ಕೆಲಸ. ಮಾತು ಬೆಳೆಯಬೇಕು ಅಂದ್ರೆ ಎಣ್ಣೆ ಬಗ್ಗೆ ಕೇಳಿ. ನೀವು ಆಡುವವರು, ನಿಮಗೆ ಗೊತ್ತೇ ಇರುತ್ತದೆ, ಲೇನ್ ಮೇಲೆ ಎಣ್ಣೆ ಹಾಕಿರುತ್ತಾರೆ, ಅದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಲೀಗ್‌ಗೆ ಹಾಕುವ ಎಣ್ಣೆ ನಡುವೆ ದಪ್ಪ, ಅಂಚಿಗೆ ತೆಳು, ಹಾಗಾಗಿ ಚೆಂಡು ಸ್ವಲ್ಪ ಆಚೆ ಹೋದರೂ ತಿರುಗಿ ಪಿನ್‌ಗೆ ಬರುತ್ತದೆ. ಟೂರ್‌ನಲ್ಲಿ ಆ ಸಹಾಯ ಬಹಳ ಕಡಿಮೆ. ಚೀತಾ ಅಂತ ಒಂದು ಪ್ಯಾಟರ್ನ್ (ಎಣ್ಣೆ ಹಾಕುವ ವಿನ್ಯಾಸ), ಅದರಲ್ಲಿ ಎಣ್ಣೆ ಲೇನ್ ಮೇಲೆ ಸ್ವಲ್ಪ ದೂರಕ್ಕೇ ನಿಲ್ಲುತ್ತದೆ. ಶಾರ್ಕ್ ಅಂತ ಇನ್ನೊಂದು, ಅದರಲ್ಲಿ ತುಂಬಾ ದೂರ ಹೋಗುತ್ತದೆ. ಜತೆಗೆ ಪ್ರತಿ ಚೆಂಡೂ ಒಂದಿಷ್ಟು ಎಣ್ಣೆ ಹೊತ್ತುಕೊಂಡು ಹೋಗುವುದರಿಂದ ಬೆಳಿಗ್ಗೆ ಇದ್ದ ಲೇನ್ ಮಧ್ಯಾಹ್ನಕ್ಕೆ ಇರುವುದಿಲ್ಲ.

ಒಂದು ಸಲ ಒಬ್ಬ ಆಟಗಾರನನ್ನು ಇದನ್ನೇ ಕೇಳಿದೆ. ಅಷ್ಟೇನೂ ಹೆಸರು ಮಾಡಿದವರಲ್ಲ. ಅವರು ಬ್ಯಾಗಿನ ಜಿಪ್ ಹಾಕುವವರು ನಿಲ್ಲಿಸಿ, ಇನ್ನೂ ಒರೆಸದ ಒಂದು ಚೆಂಡು ತೆಗೆದು ಲೈಟಿಗೆ ಹಿಡಿದರು. ಮೇಲೆ ತೆಳ್ಳಗೆ ಎಣ್ಣೆಯ ಉಂಗುರಗಳು, ಒಂದರ ಪಕ್ಕ ಒಂದು, ಒಂದು ಕಡೆ ಎಲ್ಲ ಹತ್ತಿರ ಬಂದು ಕೂಡಿಕೊಂಡು, ಇನ್ನೊಂದು ಕಡೆ ಬೀಸಣಿಗೆ ಥರ ಬಿಚ್ಚಿಕೊಂಡಿದ್ದವು. ಚೆಂಡು ಉರುಳುವಾಗ ಪ್ರತಿ ಸುತ್ತಿಗೂ ಎಣ್ಣೆ ಇಲ್ಲದ ಹೊಸ ಜಾಗ ಲೇನ್‌ಗೆ ತಾಗುತ್ತದೆ, ಆ ಹಿಡಿತದಿಂದಲೇ ಅದು ಒಳಗೆ ತಿರುಗುತ್ತದೆ ಅಂತ ಬೆರಳಿಟ್ಟು ತೋರಿಸಿದರು. ಆ ಹೆಬ್ಬೆರಳಿಗೆ ಸುತ್ತಿದ್ದ ಟೇಪು ಅರ್ಧ ಕಿತ್ತುಹೋಗಿತ್ತು, ಒಳಗೆ ಚರ್ಮ ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ನನ್ನ ಸ್ಪೀಡ್ ಎಷ್ಟು, ಯಾವ ಚೆಂಡು ಅಂತ ಅವರೇ ಕೇಳೋಕೆ ಶುರು ಮಾಡಿದರು. ಅದಕ್ಕೇ ನಾನು ಹೇಳೋದು, ಬೆಲ್ಮಾಂಟೆ ಸುತ್ತ ಜನ ಮುತ್ತಿಕೊಂಡಿದ್ದರೆ ಅಲ್ಲಿ ಕಾಯಬೇಡಿ, ಮೂರು ಲೇನ್ ಆಚೆ ಒಬ್ಬರೇ ಕೂತಿರುವವರ ಹತ್ತಿರ ಹೋಗಿ. ಬೆಲ್ಮಾಂಟೆ 15 ಮೇಜರ್ ಗೆದ್ದವರು, ಹೆಬ್ಬೆರಳು ಹಾಕದೆ ಎರಡು ಕೈಯಲ್ಲಿ ಆಡುವ ಶೈಲಿಯನ್ನು ಜಗತ್ತಿಗೆಲ್ಲ ಹತ್ತಿಸಿದವರು, ಅವರನ್ನು ಎಲ್ಲರಿಗೂ ನೋಡಬೇಕು ಅನ್ನಿಸುತ್ತದೆ. ಸಹಜ ಅಲ್ವಾ.

ಆದರೆ ಈ ಟೂರ್‌ನ ರುಚಿ ಇರುವುದು ಟಾಮ್ ಸ್ಮಾಲ್‌ವುಡ್ ಅಂಥವರಲ್ಲಿ. ನಮ್ಮ ಮಿಷಿಗನ್‌ನವರೇ, ಜನರಲ್ ಮೋಟರ್ಸ್‌ನಲ್ಲಿ ಕೆಲಸ ಹೋಯಿತು, ಟೂರ್ ಟ್ರಯಲ್ಸ್ ಅನ್ನೋ ಅರ್ಹತಾ ಸ್ಪರ್ಧೆ ಆಡಿ ಒಳಗೆ ಬಂದರು, 2009ರಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ಪೇ ಗೆದ್ದರು. ಟಾಮ್ ಡಾಹರ್ಟಿ 2011ರ ಟೂರ್ನಮೆಂಟ್ ಆಫ್ ಚಾಂಪಿಯನ್ಸ್‌ನಲ್ಲಿ ಟಿವಿ ಮುಂದೆ ಬರೀ 100 ಹೊಡೆದರು, ಎದುರಿಗಿದ್ದ ಮಿಕಾ ಕೊಯಿವುನಿಯೆಮಿ 299 (ಒಂದು ಗೇಮ್‌ಗೆ ಗರಿಷ್ಠ 300). ಅದೇ ಡಾಹರ್ಟಿ 2021ರಲ್ಲಿ ವರ್ಲ್ಡ್ ಚಾಂಪಿಯನ್. ಇಂಥ ಕಥೆ ಗೊತ್ತಿಟ್ಟುಕೊಂಡು ಹೋದರೆ ನೋಡುವುದಕ್ಕೂ ಮಜಾ.

ಸ್ವಲ್ಪ ದುಡ್ಡು ಖರ್ಚು ಮಾಡೋಕೆ ರೆಡಿ ಇದ್ದರೆ ಪ್ರೊ-ಆ್ಯಮ್‌ಗೆ, ಅಂದ್ರೆ ವೃತ್ತಿಪರರ ಜತೆ ನಮ್ಮಂಥ ಹವ್ಯಾಸಿಗಳು ಆಡುವ ಆಟಕ್ಕೆ, ಹೆಸರು ಕೊಡಿ. ಅನೇಕ ಟೂರ್ನಿಗಳ ಜತೆ ಇದೂ ಇರುತ್ತದೆ. ಸಾಮಾನ್ಯವಾಗಿ ನೀವು ಕೆಲವು ಗೇಮ್ ಆಡುತ್ತೀರಿ, ಪ್ರತಿ ಗೇಮ್‌ಗೂ ಒಬ್ಬ ಹೊಸ ಪ್ರೊ ನಿಮ್ಮ ಜೋಡಿ. ಕೆಲವು ಕಡೆ ಫೀ ಜತೆಗೆ ಹೊಸ ಚೆಂಡೂ ಬರುತ್ತದೆ. ನೀವು 120 ಹೊಡೆದರೂ ಯಾರೂ ನಗುವುದಿಲ್ಲ, ಸ್ಟ್ರೈಕ್ (ಒಂದೇ ಏಟಿಗೆ ಹತ್ತೂ ಪಿನ್) ಬಿದ್ದರೆ ಬಂದು ಕೈ ತಟ್ಟುತ್ತಾರೆ. ಬೆಂಗಳೂರಲ್ಲಿ ವಾರಾಂತ್ಯಕ್ಕೆ ಫ್ರೆಂಡ್ಸ್ ಜತೆ ಆಡಿದ ಅನುಭವ ಇದ್ದರೆ ಅಷ್ಟು ಸಾಕು. ಮಕ್ಕಳಿಗೂ ಬೇರೆ ಪ್ರೊ-ಆ್ಯಮ್ ಇಡುವುದುಂಟು, ಅಣ್ಣನ ಮಕ್ಕಳಿದ್ದರೆ ಕರೆದುಕೊಂಡು ಹೋಗಿ.

ಆಟೋಗ್ರಾಫ್‌ಗೆ ಹಳೇ ಪಿನ್ ಒಳ್ಳೇದು. ಸೆಂಟರ್ ಕೌಂಟರ್‌ನಲ್ಲಿ ಕೇಳಿ, ಸವೆದ ಪಿನ್ ಇದ್ದರೆ ಕಡಿಮೆ ದುಡ್ಡಿಗೆ ಕೊಡಬಹುದು. ಒಂದೂವರೆ ಕೆಜಿ ತೂಗುತ್ತದೆ, ವಾಪಸ್ ಬರುವಾಗ ಚೆಕ್-ಇನ್ ಬ್ಯಾಗಿಗೆ ಹಾಕಿ. ಪರ್ಮನೆಂಟ್ ಮಾರ್ಕರ್ ಮನೆಯಿಂದಲೇ ಒಯ್ಯಿರಿ. ಮಾತಾಡಿಸುವಾಗ ಸಾರ್ ಗೀರ್ ಬೇಡ, ಹೆಸರು ಹಿಡಿದು ಹಾಯ್ ಅಂದರೆ ಸಾಕು, ಇಲ್ಲಿ ಹಾಗೇ ನಡೆಯೋದು. ಮತ್ತೆ ಹೊರಗಿನ ಶೂ ಹಾಕಿಕೊಂಡು, ಆಟಗಾರರು ಚೆಂಡು ಬಿಡೋಕೆ ನಡೆದು ಬರುವ ನೆಲಕ್ಕೆ ಮಾತ್ರ ಕಾಲಿಡಬೇಡಿ. ಒದ್ದೆ ಕಾಲಿನ ಗುರುತು ಬಿದ್ದರೆ ಮುಂದೆ ಜಾರುತ್ತಾ ಬರುವ ಆಟಗಾರನ ಶೂ ಅಲ್ಲೇ ಹಿಡಿದುಕೊಳ್ಳುತ್ತದೆ, ಮುಗ್ಗರಿಸಿ ಬೀಳಬಹುದು.

ಅಣ್ಣ ಯಾವ ಊರಲ್ಲಿದ್ದಾರೆ ಹೇಳಿ. ಈಗಿನ ವೇಳಾಪಟ್ಟಿ ನೋಡಿ ಹತ್ತಿರದ ಟೂರ್ನಿ ಯಾವುದು ಅಂತ ತಿಳಿಸುತ್ತೇನೆ, ಪ್ರೊ-ಆ್ಯಮ್ ಇದ್ದರೆ ಸೀಟು ಬೇಗ ತುಂಬಿಹೋಗುತ್ತದೆ.